ಹೊಳೆಗೆ ಎಷ್ಟು ಹತ್ತಿರ? ತೀರ್ಥನ್ ಕಣಿವೆಯಲ್ಲಿ ಟೆಂಟ್ ಜಾಗ ಹುಡುಕುತ್ತಾ

ಮೊದಲ ದಿನ: ಔಟ್‌ನಿಂದ ಗುಶೈನಿ

ದೆಹಲಿಯಿಂದ ಮನಾಲಿಗೆ ಹೋಗುವ ರಾತ್ರಿ ಬಸ್ಸು ಬೆಳಿಗ್ಗೆ ನಮ್ಮನ್ನು ಹಿಮಾಚಲ ಪ್ರದೇಶದ ಔಟ್ ಅನ್ನುವ ಊರಿನಲ್ಲಿ ಇಳಿಸಿತು. ಬಸ್ಸಿನಲ್ಲಿದ್ದ ಉಳಿದವರೆಲ್ಲ ಕುಲ್ಲು, ಮನಾಲಿ ಕಡೆ ಹೋದರು. ನಾವು ನಾಲ್ಕು ಜನ ಮಾತ್ರ ಬಂಜಾರ್ ಕಡೆಗೆ ಹೋಗುವ ಟ್ಯಾಕ್ಸಿ ಹುಡುಕಿಕೊಂಡೆವು. ಅಕ್ಕ, ಭಾವ, ಒಂಬತ್ತನೇ ಕ್ಲಾಸಿನಲ್ಲಿರುವ ಅವರ ಮಗಳು, ನಾನು. ಜೊತೆಗೆ ಎರಡು ಟೆಂಟು, ಸ್ಲೀಪಿಂಗ್ ಬ್ಯಾಗುಗಳು, ಒಂದು ಪುಟ್ಟ ಸ್ಟವ್.

ಟೆಂಟ್ ಹಾಕುವ ಜಾಗವನ್ನು ಫೋಟೋ ನೋಡಿ ಬುಕ್ ಮಾಡಬಾರದು, ಹೋಗಿ ನೋಡಿಯೇ ಆರಿಸಬೇಕು ಅನ್ನುವುದು ಭಾವನವರ ಹಟ. ಅಕ್ಕನಿಗೆ ಇದು ಸರಿಬರಲಿಲ್ಲ. "ಕತ್ತಲಾದ ಮೇಲೆ ಬೆಟ್ಟದಲ್ಲಿ ಮಗಳನ್ನು ಕಟ್ಟಿಕೊಂಡು ಅಲೆಯೋದಾ?" ಅಂದಳು. ಕೊನೆಗೆ ಒಂದು ಒಪ್ಪಂದ ಆಯಿತು. ಯಾವ ದಿನವೇ ಆಗಲಿ, ಮಧ್ಯಾಹ್ನ ಮೂರರೊಳಗೆ ಜಾಗ ಗೊತ್ತಾಗಬೇಕು. ಆಗದಿದ್ದರೆ ಸುಮ್ನೆ ರೂಮ್ ಮಾಡುವುದು, ಯಾರೂ ಮುಖ ಊದಿಸಿಕೊಳ್ಳಬಾರದು. ಅಕ್ಟೋಬರ್‌ನಲ್ಲಿ ಇಂಥ ಕಣಿವೆಗಳಲ್ಲಿ ಸೂರ್ಯ ಬೇಗ ಬೆಟ್ಟದ ಹಿಂದೆ ಹೋಗುತ್ತಾನೆ. ಹಾಗಾಗಿ ಮೂರು ಗಂಟೆ ಅನ್ನುವುದು ಅಕ್ಕ ಬಾಯಿಗೆ ಬಂದ ಹಾಗೆ ಹೇಳಿದ ಲೆಕ್ಕವಾಗಿರಲಿಲ್ಲ.

ಹೊರಟ ಸ್ವಲ್ಪ ಹೊತ್ತಿಗೆ ಲಾರ್ಜಿ ಅಣೆಕಟ್ಟು ಬಂತು. ತೀರ್ಥನ್ ಮತ್ತು ಸೈಂಜ್ ನದಿಗಳು ಬಿಯಾಸ್‌ಗೆ ಸೇರುವುದು ಇಲ್ಲೇ. 2014ರ ಜೂನ್ 8ರಂದು ಈ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಕೆಳಗೆ ಥಲೌಟ್ ಹತ್ತಿರ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಸತ್ತ ವಿದ್ಯಾರ್ಥಿಗಳು 24 ಜನ. ಮೊಣಕಾಲುದ್ದ ನೀರಿದ್ದ ಕಡೆ ಕೆಲವೇ ನಿಮಿಷಗಳಲ್ಲಿ ದಾಟಲಾಗದಷ್ಟು ನೀರು ಬಂದಿತ್ತು. ಟ್ಯಾಕ್ಸಿಯವರು ಅಣೆಕಟ್ಟಿನ ಪಕ್ಕ ವೇಗ ತಗ್ಗಿಸಿ, ಹಿಂದಿಯಲ್ಲಿ ಇಷ್ಟೇ ಹೇಳಿದರು: "ನದಿ ಹತ್ತಿರ ಮಲಗೋಕೆ ಎಲ್ಲರೂ ಕೇಳ್ತಾರೆ. ನಮ್ಮೂರಿನವರು ಯಾರೂ ಮಲಗಲ್ಲ."

ಅಲ್ಲಿಂದ ಮುಂದೆ ರಸ್ತೆ ತೀರ್ಥನ್ ಜೊತೆಯೇ ಸಾಗುತ್ತದೆ. ಈ ನದಿಯ ಮೇಲ್ಭಾಗದಲ್ಲಿ ದೊಡ್ಡ ಅಣೆಕಟ್ಟುಗಳಿಲ್ಲ. ಹಾಗಾಗಿ ಮೇಲಿನಿಂದ ಯಾರೋ ಗೇಟ್ ತೆಗೆದು ನೀರು ಬಿಡುವ ಭಯ ಗುಶೈನಿ ಕಡೆ ಇಲ್ಲ. ಮೋಡ ಒಡೆದರೆ ಮಾತ್ರ ಬೇರೆ ಮಾತು. 2023ರ ಜುಲೈ 9, 10ರಂದು ಕುಲ್ಲು ಜಿಲ್ಲೆಯಲ್ಲಿ ಬಿಯಾಸ್ ಉಕ್ಕಿ ದಡದ ಕಟ್ಟಡ, ರಸ್ತೆಗಳನ್ನು ಎಳೆದುಕೊಂಡು ಹೋದ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ.

ದಾರಿಯಲ್ಲಿ ಸಾಯಿ ರೋಪಾದಲ್ಲಿರುವ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕಿನ ಕಚೇರಿಯಲ್ಲಿ ಮರುದಿನದ ಪರ್ಮಿಟ್ ಮಾಡಿಸಿಕೊಂಡೆವು. ಗುಶೈನಿ ಮುಟ್ಟಿದಾಗ ಹನ್ನೆರಡು ದಾಟಿತ್ತು. ಫಲಾಚನ್ ಅನ್ನುವ ಹೊಳೆ ಬಂದು ತೀರ್ಥನ್‌ಗೆ ಸೇರುವ ಪುಟ್ಟ ಊರು ಇದು.

ಮೊದಲು ನೋಡಿದ ಕ್ಯಾಂಪ್ ನಿಜಕ್ಕೂ ಚೆಂದವಿತ್ತು. ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬಿಳಿ ಮರಳು. ಸಾಲಾಗಿ ಟೆಂಟುಗಳು, ಮರಕ್ಕೆ ಕಟ್ಟಿದ ಉಯ್ಯಾಲೆ, ಸಂಜೆಗೆ ಹಾಕಲು ತಂತಿಯ ಮೇಲೆ ಲೈಟು. ಸೊಸೆ ಆಗಲೇ ಶೂ ಬಿಚ್ಚಿ ನೀರಿಗೆ ಕಾಲಿಟ್ಟಿದ್ದಳು. ಭಾವ ಟೆಂಟ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ದಡದ ಪೊದೆಗಳ ಹತ್ತಿರ ಹೋಗಿ ನನ್ನನ್ನು ಕರೆದರು.

ಆಲ್ಡರ್ ಗಿಡದ ಕವಲೊಂದರಲ್ಲಿ ಒಣ ಹುಲ್ಲು, ಕಡ್ಡಿ, ಒಂದು ಹರಿದ ಬಿಸ್ಕತ್ ಪ್ಯಾಕೆಟ್ ಸುತ್ತಿಕೊಂಡಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ನೀರು ಹರಿಯುವ ಕಡೆಗೆ ಬಾಚಿದ ಹಾಗೆ. ಕೈಯಿಟ್ಟು ನೋಡಿದೆ. ನನ್ನ ಎದೆಯ ಎತ್ತರ. ಪಕ್ಕದ ಗಿಡದಲ್ಲೂ ಅಷ್ಟೇ ಎತ್ತರದಲ್ಲಿ ಕಸ. ಮಳೆಗಾಲದಲ್ಲಿ ಹೊಳೆ ಎಲ್ಲಿಯವರೆಗೆ ಬಂದಿತ್ತು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಟೆಂಟುಗಳಿದ್ದ ಮರಳು ನಮ್ಮ ಪಾದದ ಮಟ್ಟದಲ್ಲಿತ್ತು. ಬಿಳಿ ಮರಳು ಅಲ್ಲಿಗೆ ಬಂದದ್ದಾದರೂ ಹೇಗೆ? ಹೊಳೆಯೇ ತಂದು ಹಾಕಿದ್ದು ಅಲ್ವಾ?

"ಅದು ಮಳೆಗಾಲದ್ದು ಸರ್, ಈಗ ಮಳೆ ಎಲ್ಲಿದೆ?" ಅಂದ ಕ್ಯಾಂಪಿನ ಹುಡುಗ. ಅವನ ಮಾತಿನಲ್ಲೂ ಅರ್ಥವಿತ್ತು. ಅಕ್ಟೋಬರ್‌ನಲ್ಲಿ ಅಂಥ ನೀರು ಬರುವುದು ಅಪರೂಪ. ಆದರೆ ದಡ ಬೇಡ ಅನ್ನಲು ಪ್ರವಾಹವೊಂದೇ ಕಾರಣವಲ್ಲ. ಅಲ್ಲಿ ನಿಂತು ಮಾತಾಡಲು ನಾವು ಕೂಗಬೇಕಾಗಿತ್ತು. ಹಗಲಲ್ಲಿ ಹಿತವಾಗಿ ಕೇಳುವ ನೀರಿನ ಸದ್ದು ರಾತ್ರಿ ಬೇರೆಲ್ಲ ಸದ್ದನ್ನು ನುಂಗುತ್ತದೆ. ಮೇಲಿನಿಂದ ಕಲ್ಲು ಉರುಳಿದರೂ, ಪಕ್ಕದ ಟೆಂಟಿನವರು ಕರೆದರೂ ಕೇಳಿಸುವುದಿಲ್ಲ. ತೇವ, ಚಳಿ ಎರಡೂ ಜಾಸ್ತಿ.

ನಾವು ರಸ್ತೆ ದಾಟಿ ಮೇಲೆ ಹತ್ತಿದೆವು. ಒಂದು ಹಳೇ ಮನೆ, ಅದರ ಕೆಳಗೆ ಸೇಬಿನ ತೋಟದ ಮೆಟ್ಟಿಲು ಹೊಲಗಳು. ಕೊಯ್ಲು ಮುಗಿದಿತ್ತು. ಮನೆಯ ಅಜ್ಜಿಯನ್ನು ಅಕ್ಕ "ಅಮ್ಮಾಜಿ" ಅಂತ ಮಾತಾಡಿಸಿ, ಒಂದು ರಾತ್ರಿ ಟೆಂಟ್ ಹಾಕಬಹುದಾ ಅಂತ ಕೇಳಿದಳು. ಅಜ್ಜಿ ನಮಗೆ ಮೇಲಿನಿಂದ ಎರಡನೇ ಮೆಟ್ಟಿಲನ್ನು ತೋರಿಸಿದರು. ಕೆಳಗಿನದು ಇನ್ನೂ ಅಗಲವಾಗಿತ್ತು, ಅದು ಯಾಕೆ ಬೇಡ ಅಂತ ಕೇಳಿದ್ದಕ್ಕೆ, "ಅಲ್ಲಿ ಬೆಳಿಗ್ಗೆ ತನಕ ಇಬ್ಬನಿ ಸುರಿಯುತ್ತೆ, ಬಿಸಿಲು ಬರೋದೂ ತಡ" ಅಂದರು. ಅಷ್ಟು ವಿವರ ಯಾವ ವೆಬ್‌ಸೈಟ್ ಕೊಡುತ್ತದೆ ಹೇಳಿ.

ಸಂಜೆ ಅಲ್ಲಿ ಕೂತು ಎದುರಿನ ಬೆಟ್ಟ ನೋಡುತ್ತಿದ್ದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕಲ್ಲು ಚಪ್ಪಡಿ ಹೊದಿಸಿದ ಹಳೇ ಮನೆಗಳೆಲ್ಲ ಬೆಟ್ಟದ ಮೈಯಲ್ಲಿ, ಹೊಳೆಯಿಂದ ಸಾಕಷ್ಟು ಮೇಲೆ, ಸ್ವಲ್ಪ ಮುಂದೆ ಚಾಚಿದ ಸಮತಟ್ಟಿನಲ್ಲಿದ್ದವು. ನೀರಿನ ಅಂಚಿಗೆ ಇದ್ದದ್ದೆಲ್ಲ ಹೊಸ ತಗಡಿನ ಚಾವಣಿಗಳು.

ಎರಡನೇ ದಿನ: ರೋಲಾ, ಪಾರ್ಕ್ ಒಳಗೆ

ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ 1999ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಅಧಿಕೃತವಾಗಿ ಘೋಷಣೆಯಾಯಿತು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳಗೆ ಹೋಗಲು ಪರ್ಮಿಟ್ ಬೇಕು. ಸ್ಥಳೀಯ ಗೈಡ್ ಒಬ್ಬನನ್ನೂ ಜೊತೆಗೆ ಕರೆದುಕೊಂಡೆವು. ಗುಶೈನಿಯಿಂದ ಹಳ್ಳಿಗಳ ನಡುವೆ, ನದಿಯ ಪಕ್ಕದ ಕಾಲುದಾರಿಯಲ್ಲಿ ಪಾರ್ಕಿನ ಗೇಟಿನವರೆಗೆ ನಡೆದು, ಅಲ್ಲಿಂದ ಇನ್ನೊಂದಿಷ್ಟು ದೂರ ಕಾಡಿನೊಳಗೆ ಹೋದರೆ ರೋಲಾ. ಎತ್ತರ ಸುಮಾರು 2,100 ಮೀಟರ್. ನಡಿಗೆ ಸುಲಭ, ನೆರಳು ಬೇಕಾದಷ್ಟು. ದಾರಿಯ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ, ಹೋಗಿ ನಡೆಯಿರಿ.

ಪಾರ್ಕಿನೊಳಗೆ ಎಲ್ಲೆಂದರಲ್ಲಿ ಟೆಂಟ್ ಹಾಕುವ ಹಾಗಿಲ್ಲ, ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕು. ಅಂದಮೇಲೆ ಇಲ್ಲಿ ಆರಿಸುವ ತಲೆನೋವಿಲ್ಲ ಅಂದುಕೊಂಡಳು ಅಕ್ಕ. ಆದರೆ ಆ ಬಯಲಿನೊಳಗೆ ಯಾವ ಮೂಲೆ ಅನ್ನುವುದೇ ಅರ್ಧ ಗಂಟೆಯ ಚರ್ಚೆಯಾಯಿತು.

ಗೈಡ್ ಹುಡುಗ ಮೊದಲು ಮಾಡಿದ್ದು ಮೇಲೆ ನೋಡುವುದು. ಸೊಸೆ ತೋರಿಸಿದ ಜಾಗ ಮೆತ್ತಗೆ, ಎಲೆಯ ಹಾಸಿಗೆಯ ಮೇಲಿತ್ತು. ಅದರ ನೇರ ಮೇಲೆ ಒಂದು ದಪ್ಪ ಒಣಕೊಂಬೆ, ತೊಗಟೆಯೆಲ್ಲ ಉದುರಿ ಬೂದಿ ಬಣ್ಣಕ್ಕೆ ತಿರುಗಿದ್ದು, ಬೇರೆ ಕೊಂಬೆಯ ಆಸರೆಯಲ್ಲಿ ನೇತಾಡುತ್ತಿತ್ತು. ಗಾಳಿಯೇ ಬೇಕಿಲ್ಲ, ಅದು ಬೀಳುವುದಕ್ಕೆ ಸುಮ್ಮನೆ ಒಂದು ರಾತ್ರಿ ಸಾಕು. ಕಾಡಿನಲ್ಲಿ ಮಲಗುವವರಿಗೆ ಕರಡಿಗಿಂತ ಒಣಕೊಂಬೆಯ ಭಯ ಜಾಸ್ತಿ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಎರಡನೇ ಜಾಗದಲ್ಲಿ ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ನೆಲವೂ ಸಮ. ಹುಡುಗ ಬಗ್ಗಿ ಎಲೆಗಳನ್ನು ಕೈಯಿಂದ ಸರಿಸಿದ. ಕೆಳಗಿನ ಎಲೆಗಳು ಒಂದಕ್ಕೊಂದು ಅಂಟಿಕೊಂಡು ಹಪ್ಪಳದಂತೆ ಎದ್ದುಬಂದವು. ಅವುಗಳ ಅಡಿಯಲ್ಲಿ ನುಣ್ಣಗಿನ, ಬಿರುಕು ಬಿಟ್ಟ ಮಣ್ಣು. ಮಳೆ ಬಂದರೆ ನೀರು ನಿಲ್ಲುವ ಜಾಗ ಅದು. ತೀರಾ ಸಮತಟ್ಟಾದ ಜಾಗ ಅಂದರೆ ಎಷ್ಟೋ ಸಲ ನೀರು ನಿಂತು ನಿಂತು ಸಮವಾದ ಜಾಗ ಅಂತಲೇ ಅರ್ಥ.

ಮೂರನೆಯದು ತುಸು ಇಳಿಜಾರು. ಟೆಂಟ್ ಬಿಚ್ಚುವ ಮೊದಲು ಭಾವ ಬರೀ ಮ್ಯಾಟ್ ಹಾಸಿಕೊಂಡು ಮಲಗಿ ನೋಡಿದರು. ತಲೆ ಮೇಲ್ಗಡೆ, ಕಾಲು ಕೆಳಗಡೆ. ಬೆನ್ನಿನಡಿ ಸಿಕ್ಕ ಎರಡು ಕಲ್ಲು, ಒಂದು ಪೈನ್ ಕಾಯಿ ತೆಗೆದು ಎಸೆದರು. ಸೊಸೆ ತನ್ನ ನೀರಿನ ಬಾಟಲಿಯನ್ನು ಪಕ್ಕದಲ್ಲಿ ಅಡ್ಡ ಇಟ್ಟಳು, ಅದು ನಿಧಾನಕ್ಕೆ ಕಾಲಿನ ಕಡೆ ಉರುಳಿತು. "ಪಕ್ಕಕ್ಕೆ ಉರುಳಿದ್ರೆ ಬೇಡ, ಕಾಲಿನ ಕಡೆ ಉರುಳಿದ್ರೆ ಓಕೆ" ಅಂದರು ಭಾವ. ಪಕ್ಕಕ್ಕೆ ಇಳಿಜಾರಿದ್ದರೆ ಬೆಳಗಾಗುವಷ್ಟರಲ್ಲಿ ಇಬ್ಬರೂ ಟೆಂಟಿನ ಒಂದೇ ಗೋಡೆಗೆ ಒತ್ತಿಕೊಂಡಿರುತ್ತಾರೆ.

ಬಾಗಿಲು ಯಾವ ಕಡೆ? ಬೆಟ್ಟಗಳಲ್ಲಿ ಆಕಾಶ ತಿಳಿಯಾಗಿರುವ ದಿನ ಗಾಳಿಗೆ ಒಂದು ದಿನಚರಿ ಇದೆ. ಹಗಲು ಬಿಸಿಯಾದ ಗಾಳಿ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ. ಸೂರ್ಯ ಮುಳುಗಿದ ಮೇಲೆ ತಣ್ಣಗಾದ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮಧ್ಯಾಹ್ನ ಟೆಂಟ್ ಹಾಕುವವರು ಆಗ ಬೀಸುವ ಗಾಳಿಗೆ ಬೆನ್ನು ಮಾಡಿ ಬಾಗಿಲಿಡುತ್ತಾರೆ. ರಾತ್ರಿ ಅದೇ ಬಾಗಿಲಿಗೆ ಗಾಳಿ ನೇರ ನುಗ್ಗುತ್ತದೆ. ನಾವು ಬಾಗಿಲನ್ನು ಕಣಿವೆಗೆ ಅಡ್ಡಲಾಗಿ ಇಟ್ಟೆವು.

ಈ ಕಾಡಿನಲ್ಲಿ ಹಿಮಾಲಯದ ಕಪ್ಪು ಕರಡಿ ಇದೆ. ಹಾಗಾಗಿ ಅಡುಗೆ ಒಂದು ಕಡೆ, ನಿದ್ದೆ ಇನ್ನೊಂದು ಕಡೆ. ತಿಂಡಿಯ ಚೀಲದ ಜೊತೆಗೆ ಸೋಪು, ಟೂತ್‌ಪೇಸ್ಟ್ ಕೂಡ ಟೆಂಟಿನಿಂದ ದೂರ ಹೋದವು. ವಾಸನೆ ಇರುವುದೆಲ್ಲ ಅದಕ್ಕೆ ತಿಂಡಿಯೇ. ಸೊಸೆ ಬ್ಯಾಗಿನ ತಳದಿಂದ ಅರ್ಧ ತಿಂದ ಚಾಕ್ಲೆಟ್ ತೆಗೆದುಕೊಡುವಾಗ ಅವಳ ಮುಖ ನೋಡಬೇಕಿತ್ತು.

ಶೌಚದ ವಿಷಯ ಯಾರೂ ಬರೆಯುವುದಿಲ್ಲ, ಆದರೆ ಜಾಗ ಆರಿಸುವಾಗ ಇದನ್ನೂ ಸೇರಿಸಿಯೇ ನೋಡಬೇಕು. ಟಾಯ್ಲೆಟ್ ಇಲ್ಲದ ಕಡೆ ನೀರಿನಿಂದ, ದಾರಿಯಿಂದ, ಟೆಂಟಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ ಮುಚ್ಚಬೇಕು. ಪಾತ್ರೆ ತೊಳೆದ ನೀರಿಗೂ ಅದೇ 60 ಮೀಟರ್. ಹೊಳೆಗೂ ಕಡಿದಾದ ಬೆಟ್ಟಕ್ಕೂ ನಡುವೆ ಅಷ್ಟು ಜಾಗವೇ ಇಲ್ಲದಿದ್ದರೆ ಅದು ಟೆಂಟ್ ಹಾಕುವ ಜಾಗವಲ್ಲ, ನೋಟ ಎಷ್ಟೇ ಚೆನ್ನಾಗಿರಲಿ. ಕುಡಿಯುವ ನೀರು ಕುದಿಸಿದ್ದು ಮೂರು ನಿಮಿಷ. ಎತ್ತರ 2,000 ಮೀಟರ್ ದಾಟಿದ ಮೇಲೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಒಂದು ನಿಮಿಷ ಸಾಲದು.

ಮೂರನೇ ದಿನ: ಜೀಭಿ ಬಿಟ್ಟು ಶೋಜಾ

ಬೆಳಿಗ್ಗೆ ರೋಲಾದಿಂದ ಇಳಿದು, ಗುಶೈನಿಯಲ್ಲಿ ಜೀಪ್ ಹಿಡಿದು, ಬಂಜಾರ್ ಮೇಲೆ ಜೀಭಿ ಸೇರಿದೆವು. ಜೀಭಿ ಈಗ ತುಂಬಾ ಹೆಸರುವಾಸಿ. ಹೊಳೆಯ ಎರಡೂ ಕಡೆ ಮರದ ಕಾಟೇಜುಗಳು, ಕೆಫೆಗಳು. ಊರು ಚೆಂದವೇ, ಆದರೆ ದೇವದಾರು ಮರಗಳ ಮಧ್ಯೆ ಸ್ಪೀಕರ್ ಹಾಕಿ ಕುಣಿಯುವುದಕ್ಕೆ ಇಷ್ಟು ದೂರ ಯಾಕೆ ಬರಬೇಕೋ ನನಗೆ ಗೊತ್ತಾಗಲಿಲ್ಲ.

ಅಕ್ಕ ಫೋನಿನಲ್ಲಿ ಒಂದು ಕ್ಯಾಂಪಿನ ಫೋಟೋ ಇಟ್ಟುಕೊಂಡಿದ್ದಳು. ಹಸಿರು ಇಳಿಜಾರು, ಒಂದೇ ಟೆಂಟು, ಹಿಂದೆ ಹಿಮದ ಬೆಟ್ಟ. ಹುಡುಕಿಕೊಂಡು ಹೋದೆವು. ಹಸಿರು ಇತ್ತು, ಟೆಂಟೂ ಇತ್ತು. ಆದರೆ ಒಂದಲ್ಲ, ಹಗ್ಗಕ್ಕೆ ಹಗ್ಗ ತಾಕುವ ಹಾಗೆ ಹದಿನೈದೋ ಇಪ್ಪತ್ತೋ. ಅವುಗಳ ಮೇಲ್ಗಡೆ ಟಾಯ್ಲೆಟ್ ಸಾಲು. ಅದರ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಭಾವ ಕಣ್ಣಿನಲ್ಲೇ ಹಿಂಬಾಲಿಸಿದರು. ಪೊದೆಯೊಳಗೆ ಹೋಗಿ, ಪೊದೆಯ ಆಚೆ ತೆಳ್ಳಗೆ ಹರಿಯುವ ನೀರಾಗಿ ಹೊರಬಂತು. ಹಿಮದ ಬೆಟ್ಟ ಎಲ್ಲಿ ಅಂತ ಸೊಸೆ ಕೇಳಿದ್ದಕ್ಕೆ ಅಲ್ಲಿನವರು, "ಮೋಡ ಇಲ್ಲದಿದ್ದರೆ ಕಾಣುತ್ತೆ" ಅಂದರು. ಅವತ್ತು ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಅಕ್ಕ ಏನೂ ಮಾತಾಡದೆ ಫೋಟೋ ಅಳಿಸಿದಳು.

ಜಲೋರಿ ಘಾಟಿಯ ಕಡೆಗೆ ಹತ್ತುವ ರಸ್ತೆಯಲ್ಲಿ ಇನ್ನೂ ಮೇಲೆ ಶೋಜಾ. ಇಲ್ಲಿ ಜನ ಕಡಿಮೆ, ಕಾಡು ಹತ್ತಿರ. ಒಬ್ಬ ರೈತರ ಖಾಸಗಿ ಜಮೀನಿನಲ್ಲಿ ಟೆಂಟ್ ಹಾಕಲು ಒಪ್ಪಿಗೆ ಸಿಕ್ಕಿತು. ಅವರ ಜಮೀನಿನಲ್ಲಿ ಎರಡು ಜಾಗಗಳಿದ್ದವು. ಒಂದು, ಬೋಗುಣಿಯ ಆಕಾರದ ಹುಲ್ಲಿನ ತಗ್ಗು. ಸುತ್ತ ದೇವದಾರು, ಗಾಳಿಯ ಸುಳಿವೇ ಇಲ್ಲ. ಇನ್ನೊಂದು, ಅದರ ಮೇಲೆ ಬೆಟ್ಟದ ಮೈಗೆ ಅಂಟಿಕೊಂಡಿದ್ದ ಕಿರಿದಾದ ಹಳೇ ಆಲೂಗಡ್ಡೆ ಹೊಲ. ಎರಡು ಟೆಂಟ್ ಹಿಡಿಸಿದರೆ ಹೆಚ್ಚು, ಸ್ವಲ್ಪ ಗಾಳಿ ಬೇರೆ.

ಅಕ್ಕ, ಸೊಸೆ ಇಬ್ಬರೂ ತಗ್ಗಿನ ಪರ. "ಗಾಳಿ ಇಲ್ಲ, ಮೆತ್ತಗಿದೆ, ಬೆಚ್ಚಗಿರುತ್ತೆ" ಅಂತ ಅವರ ವಾದ. ಮಧ್ಯಾಹ್ನ ಎರಡೂವರೆಗೆ ಅಲ್ಲಿ ನಿಂತರೆ ಯಾರಾದರೂ ಹಾಗೇ ಹೇಳುತ್ತಾರೆ. ಭಾವ ಹೇಳಿದ್ದು ಬೇರೆ. ರಾತ್ರಿ ನೆಲ ತಣ್ಣಗಾದಾಗ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ಇಳಿಜಾರಿನಲ್ಲಿ ಕೆಳಗೆ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಆಚೆ ಹೋಗಲು ದಾರಿ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಇಳಿಜಾರಿನ ಮಧ್ಯದಲ್ಲಿ ಚಾಚಿಕೊಂಡ ಜಾಗ ತಳಕ್ಕಿಂತ ಬೆಚ್ಚಗಿರುತ್ತದೆ. ತುದಿಗೆ ಹೋದರೆ ಮತ್ತೆ ಗಾಳಿ, ಮತ್ತೆ ಚಳಿ.

"ಮಾಮಾ, ನೀವು ಯಾರ ಕಡೆ?" ಅಂತ ಸೊಸೆ ನನ್ನನ್ನು ಕೇಳಿದಳು. ಭಾವನವರ ಕಡೆ ಅಂದೆ. ಮೂರು ಗಂಟೆ ಆಗುತ್ತಾ ಬಂದಿದ್ದರಿಂದ ಅಕ್ಕ ಸೋತು, ಗೂಟ ಹೊಡೆಯುವ ಕಲ್ಲು ಹುಡುಕಲು ಹೊರಟಳು.

ಸೂರ್ಯನ ವಿಷಯವೂ ಇತ್ತು. ಶೋಜಾ ಇರುವುದು ಜಲೋರಿಯ ಉತ್ತರದ ಇಳಿಜಾರಿನಲ್ಲಿ. ದಕ್ಷಿಣಕ್ಕೆ ಎತ್ತರದ ಸಾಲು ಇರುವುದರಿಂದ ಬಿಸಿಲು ಕಡಿಮೆ ಹೊತ್ತು. ಸೊಸೆ ಫೋನಿನ ದಿಕ್ಸೂಚಿ ತೆಗೆದು ಪೂರ್ವ ಹುಡುಕಿದಳು. ನಮ್ಮ ಹೊಲದಿಂದ ಪೂರ್ವಕ್ಕೆ ಬೆಟ್ಟದ ಸಾಲಿನಲ್ಲಿ ಒಂದು ಕಡೆ ತಗ್ಗು ಕಾಣುತ್ತಿತ್ತು. ತಳದ ಬೋಗುಣಿಗೆ ಆ ಕಡೆ ದೇವದಾರುಗಳ ಗೋಡೆ ಅಡ್ಡ.

ರಾತ್ರಿ ಚಳಿ ಜೋರಾಗಿತ್ತು. ಎಲ್ಲರೂ ಇದ್ದಬದ್ದ ಬಟ್ಟೆ ಹಾಕಿಕೊಂಡೇ ಮಲಗಿದೆವು. ಬೆಳಿಗ್ಗೆ ಆರೂವರೆಗೆ ಸೊಸೆ ಟೆಂಟಿನ ಜಿಪ್ ಎಳೆದು ಹೊರಗೆ ಹೋದವಳು, ಒಂದು ನಿಮಿಷಕ್ಕೆ ಜೋರಾಗಿ ಕೂಗಿದಳು. ಎದ್ದು ನೋಡಿದರೆ ಕೆಳಗಿನ ಬೋಗುಣಿ ಪೂರ್ತಿ ಬೆಳ್ಳಗಿತ್ತು. ನಾವು ಇಳಿದು ಹೋದೆವು. ಪ್ರತಿ ಹುಲ್ಲಿನ ಎಸಳಿನ ಅಂಚಿಗೂ ಸಕ್ಕರೆ ಮೆತ್ತಿದ ಹಾಗೆ ಹಿಮದ ಹರಳು. ಶೂ ಇಟ್ಟಲ್ಲೆಲ್ಲ ಕರಕರ ಸದ್ದು, ಹಿಂದೆ ಹಸಿರು ಹೆಜ್ಜೆಗಳು. ಆ ಬಿಳಿ ಒಂದು ಮಟ್ಟದವರೆಗೆ ಹೋಗಿ ಗೆರೆ ಎಳೆದಂತೆ ನಿಂತಿತ್ತು. ಗೆರೆಯ ಮೇಲೆ, ನಮ್ಮ ಹೊಲದ ಹುಲ್ಲಿನಲ್ಲಿ ಬರೀ ಇಬ್ಬನಿ. ಅಕ್ಕ ಆ ಗೆರೆಯ ಮೇಲೊಂದು ಕಾಲು, ಕೆಳಗೊಂದು ಕಾಲು ಇಟ್ಟು ಫೋಟೋ ತೆಗೆಸಿಕೊಂಡಳು. ಭಾವ ಬುದ್ಧಿವಂತರು, ಏನೂ ಹೇಳದೆ ಚಹಾ ಕಾಯಿಸಿದರು.

ನಾಲ್ಕನೇ ದಿನ: ಜಲೋರಿ

ಟೆಂಟ್ ಅಲ್ಲೇ ಬಿಟ್ಟು ಜೀಪಿನಲ್ಲಿ ಜಲೋರಿ ಘಾಟಿಗೆ ಹೋದೆವು. ಎತ್ತರ ಸುಮಾರು 3,120 ಮೀಟರ್. ಚಳಿಗಾಲದಲ್ಲಿ ಹಿಮ ಬಿದ್ದು ಈ ದಾರಿ ಮುಚ್ಚುತ್ತದೆ. ಎತ್ತರ 1,000 ಮೀಟರ್ ಹೆಚ್ಚಿದರೆ ಸರಾಸರಿ ಆರೂವರೆ ಡಿಗ್ರಿ ಚಳಿ ಹೆಚ್ಚು. ಬಂಜಾರ್‌ನಲ್ಲಿ ಸ್ವೆಟರ್ ತೆಗೆದು ಬ್ಯಾಗಿಗೆ ಹಾಕಿದವರು ಇಲ್ಲಿ ಹುಡುಕಿ ಹುಡುಕಿ ಹಾಕಿಕೊಳ್ಳುವುದು ಅದಕ್ಕೇ. ನೀರು ಇಲ್ಲಿ ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಇಂಥಲ್ಲಿ ಬೇಳೆ ಬೇಯಿಸುವ ಕನಸು ಬೇಡ.

ಘಾಟಿಯಿಂದ ಸೆರೋಲ್ಸರ್ ಕೊಳಕ್ಕೆ ಐದು ಕಿಲೋಮೀಟರ್ ಕಾಡುದಾರಿ, ಹೆಚ್ಚು ಏರಿಳಿತ ಇಲ್ಲ. ದಾರಿ ಉದ್ದಕ್ಕೂ ಖರ್ಸು ಓಕ್ ಮರಗಳು, ಮೈತುಂಬ ಪಾಚಿ. ಕೊಳದ ದಂಡೆಯಲ್ಲಿ ಬೂಢೀ ನಾಗಿನ್ ಗುಡಿ. ಕೊಳಕ್ಕೆ ಬಿದ್ದ ಎಲೆಗಳನ್ನು ಆಭಿ ಅನ್ನುವ ಪುಟ್ಟ ಹಕ್ಕಿ ಹೆಕ್ಕಿ ತೆಗೆಯುತ್ತದೆ, ಅದಕ್ಕೇ ನೀರು ಸದಾ ಶುಭ್ರ ಅಂತ ನಂಬಿಕೆ. ಸೊಸೆ ಬಹಳ ಹೊತ್ತು ಕಾದಳು, ಹಕ್ಕಿ ಬರಲಿಲ್ಲ. ನೀರಿನ ಮೇಲೆ ಎಲೆಯಂತೂ ನಿಜಕ್ಕೂ ಕಾಣಲಿಲ್ಲ. ಟೆಂಟಿಗೆ ಹೇಳಿ ಮಾಡಿಸಿದ ಹಾಗಿದ್ದ ಹುಲ್ಲುನೆಲ ಪಕ್ಕದಲ್ಲೇ ಇತ್ತು. ಊರಿನವರು ಚಪ್ಪಲಿ ಬಿಟ್ಟು ನಡೆಯುವ ದಂಡೆಯಲ್ಲಿ ಸ್ಟವ್ ಹಚ್ಚುವ ಮನಸ್ಸು ನಮಗ್ಯಾರಿಗೂ ಬರಲಿಲ್ಲ.

ವಾಪಸ್ ಘಾಟಿಗೆ ಬಂದು ಇನ್ನೊಂದು ಕಡೆ ರಘುಪುರ ಕೋಟೆಯ ಹುಲ್ಲುಗಾವಲಿಗೆ ಹತ್ತಿದೆವು. ಕೋಟೆಯ ಕಲ್ಲಿನ ಅವಶೇಷಗಳು, ನಾಲ್ಕೂ ಕಡೆ ಬೆಟ್ಟ, ದೂರದಲ್ಲಿ ಹಿಮ. ಇಲ್ಲಿ ಒಂದು ರಾತ್ರಿ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ನಾವು ನೋಡಿದಾಗಲೇ ಹುಲ್ಲಿನಲ್ಲಿ ಅಲ್ಲಲ್ಲಿ ಟೆಂಟಿನ ಅಳತೆಯ ಹಳದಿ ಚೌಕಗಳಿದ್ದವು. ಬೆಂಕಿ ಹಾಕಿದ ಕಡೆ ಕಪ್ಪು ಸುತ್ತು, ಅದರೊಳಗೆ ಒಡೆದ ಬಾಟಲಿ. ಈ ಎತ್ತರದಲ್ಲಿ ಹುಲ್ಲು ಬೆಳೆಯುವುದೇ ವರ್ಷದಲ್ಲಿ ಕೆಲವು ತಿಂಗಳು, ಅಂಥ ಗಾಯ ಮಾಯಲು ಬಹಳ ಸಮಯ ಬೇಕು. ಉತ್ತರಾಖಂಡದ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಅಲ್ಲಿನ ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿತು. ಚಾರಣದವರು ಆಗ ಬಹಳ ಗೊಣಗಿದರು. ಆ ಹಳದಿ ಚೌಕಗಳನ್ನು ನೋಡಿದ ಮೇಲೆ ನನಗೆ ಗೊಣಗಲು ಬಾಯಿ ಬರುವುದಿಲ್ಲ.

ಮಧ್ಯಾಹ್ನ ದಕ್ಷಿಣದ ಕಡೆಯಿಂದ ಮೋಡ ಎದ್ದಿತು. ದೂರದಲ್ಲಿ ಮಿಂಚು. ಭಾವ ಎಣಿಸು ಅಂದರು, ಸೊಸೆ ಎಣಿಸಿದಳು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮಿಂಚಿಗೂ ಗುಡುಗಿಗೂ ನಡುವೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೆ ಇದೆ ಅಂತ, ಬಯಲು ಬಿಟ್ಟು ಕೆಳಗಿಳಿಯಬೇಕು. ಮೊದಲ ಸಲ ನಲವತ್ತು ದಾಟಿತು. ಎರಡನೇ ಸಲ ಮೂವತ್ತೈದಕ್ಕೆ ಗುಡುಗು ಕೇಳಿಸಿತು. ಮೂರನೆಯದಕ್ಕೆ ಕಾಯಲಿಲ್ಲ, ಎದ್ದು ಇಳಿದೆವು. ನಮ್ಮ ಎದುರಿಗೇ ಬೆನ್ನಿಗೆ ಟೆಂಟ್ ಕಟ್ಟಿಕೊಂಡ ಮೂರು ಹುಡುಗರು ಹತ್ತುತ್ತಿದ್ದರು. ಅಕ್ಕ ಅವರನ್ನು ನಿಲ್ಲಿಸಿ, ತನಗೆ ಬರುವ ಹಿಂದಿಯಲ್ಲಿ ಚೆನ್ನಾಗಿ ಬೈದು ವಾಪಸ್ ಕರೆದುಕೊಂಡು ಬಂದಳು. ಘಾಟಿಯ ಅಂಗಡಿಯಲ್ಲಿ ಅವರಿಗೆ ಚಹಾ ಕೊಡಿಸಿದವಳೂ ಅವಳೇ.

ಶೋಜಾದಲ್ಲಿ ಹತ್ತು ನಿಮಿಷ ಮಳೆ ಸುರಿಯಿತು. ಹೊಲದ ನೀರು ಕಲ್ಲುಕಟ್ಟೆಯ ಸಂದಿಯಿಂದ ಇಳಿದುಹೋಯಿತು, ಟೆಂಟಿನಡಿ ಒಣಗೇ ಇತ್ತು.

ಐದನೇ ದಿನ: ಚೈಹ್ಣಿ, ಮತ್ತು ಕೊನೆಯ ಟೆಂಟು

ಇಳಿಯುವ ದಾರಿಯಲ್ಲಿ ಚೈಹ್ಣಿ ಕೋಠಿ ನೋಡಲು ಹೋದೆವು. ಕಲ್ಲು, ದೇವದಾರು ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಕಟ್ಟಿದ ಎತ್ತರದ ಗೋಪುರ ಅದು. 1905ರ ಕಾಂಗ್ರಾ ಭೂಕಂಪದಲ್ಲಿ ಮೇಲಿನ ಅಂತಸ್ತುಗಳು ಹೋದವು, ಉಳಿದದ್ದು ಇವತ್ತಿಗೂ ನಿಂತಿದೆ. ಕೆಳಗೆ ಬಾಗಿಯಲ್ಲಿ ಶೃಂಗ ಋಷಿಯ ಗುಡಿ. ನಮ್ಮ ಶೃಂಗೇರಿ ಹತ್ತಿರದ ಕಿಗ್ಗದಲ್ಲಿರುವ ಋಷ್ಯಶೃಂಗನೇ ಇಲ್ಲಿನ ದೇವರು ಅಂತ ತಿಳಿದು ಅಕ್ಕನಿಗೆ ಖುಷಿಯೋ ಖುಷಿ. ಆದರೆ ದೇವರು ಊರಲ್ಲಿರಲಿಲ್ಲ! ನಮ್ಮಲ್ಲಿ ದಸರಾ ಮುಗಿಯುವ ವಿಜಯದಶಮಿಯ ದಿನ ಕುಲ್ಲು ದಸರಾ ಶುರುವಾಗುತ್ತದೆ. ಏಳು ದಿನದ ಆ ಜಾತ್ರೆಗೆ ಕಣಿವೆಗಳ ದೇವರುಗಳೆಲ್ಲ ಪಲ್ಲಕ್ಕಿಯಲ್ಲಿ ಹೋಗುತ್ತಾರೆ. ಇವರೂ ಹೋಗಿದ್ದರು.

ಚೈಹ್ಣಿಯ ಅಂಗಳದಲ್ಲಿ ನಿಂತು ಭಾವ ಗೋಪುರ ಬಿಟ್ಟು ಊರಿನ ನೆಲ ನೋಡುತ್ತಿದ್ದರು. ಬೆಟ್ಟದ ಭುಜದ ಮೇಲೆ ಊರು. ಹಿಂದೆ ಸಡಿಲ ಕಲ್ಲಿನ ಇಳಿಜಾರಿಲ್ಲ, ಮುಂದೆ ಬೆಳಗಿನ ಬಿಸಿಲಿಗೆ ತೆರೆದ ಹೊಲ. ಮನೆಗಳ ಪಕ್ಕದಲ್ಲೇ ನೀರಿನ ಕೊಳಾಯಿ, ಹೊಳೆ ಮಾತ್ರ ಎಷ್ಟೋ ಕೆಳಗೆ. ನಾವು ದಿನಾ ಮೂರು ಗಂಟೆಯೊಳಗೆ ತಡಕಾಡುತ್ತಿದ್ದುದನ್ನೆಲ್ಲ ಇವರ ಮುತ್ತಜ್ಜಂದಿರು ಯಾವಾಗಲೋ ಲೆಕ್ಕ ಹಾಕಿ ಮುಗಿಸಿದ್ದರು.

ಕೊನೆಯ ರಾತ್ರಿಗೆ ಬಂಜಾರ್ ಹತ್ತಿರ ಎಲ್ಲಾದರೂ ಇರೋಣ ಅಂತಾಯಿತು. ಅಂಗಡಿಯವರು ಕೊಟ್ಟ ನಂಬರುಗಳಿಗೆ ಅಕ್ಕನೇ ಫೋನ್ ಮಾಡಿದಳು, ಸ್ಪೀಕರ್ ಹಾಕಿಕೊಂಡು. ಕ್ಯಾಂಪಿನಲ್ಲಿ ಊಟಕ್ಕೇನಿದೆ, ಬಿಸಿನೀರು ಇದೆಯಾ ಅಂತ ಕೇಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು: ಬೆಳಿಗ್ಗೆ ಬಿಸಿಲು ಎಷ್ಟು ಗಂಟೆಗೆ ಬರುತ್ತೆ? ಹೊಳೆ ಎಷ್ಟು ಕೆಳಗಿದೆ? ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಬಂದಿತ್ತು? ಟಾಯ್ಲೆಟ್ ಪೈಪು ಎಲ್ಲಿಗೆ ಬಿಟ್ಟಿದ್ದೀರಿ? ರಾತ್ರಿ ಹಾಡು ಎಷ್ಟು ಹೊತ್ತಿನವರೆಗೆ?

ಮೊದಲನೆಯವರು, "ಮೇಡಂ, ವ್ಯೂ ತುಂಬಾ ಚೆನ್ನಾಗಿದೆ" ಅಂತ ಮೂರು ಸಲ ಹೇಳಿದರು. ಎರಡನೆಯವರು ಪೈಪಿನ ಪ್ರಶ್ನೆಗೆ ಫೋನ್ ಇಟ್ಟರು. ಮೂರನೆಯದಕ್ಕೆ ಒಬ್ಬ ವಯಸ್ಸಾದ ಹೆಂಗಸು ಸಿಕ್ಕರು. ಕೆಳಗಿನ ಹೊಲಕ್ಕೆ ಬಿಸಿಲು ಒಂಬತ್ತೂವರೆಗೆ, ಮೇಲಿನದಕ್ಕೆ ಎಂಟಕ್ಕೆ. ಆದರೆ ಮೇಲಿನದರಿಂದ ಟಾಯ್ಲೆಟ್ ದೂರ, ರಾತ್ರಿ ಟಾರ್ಚ್ ಬೇಕು. ಗುಂಡಿ ಮನೆಯ ಹಿಂದಿದೆ, ಹೊಳೆ ಕಡೆ ಅಲ್ಲ. ಹಾಡು ಅಂದರೆ ಮೊಮ್ಮಗನ ರೇಡಿಯೋ ಅಷ್ಟೇ.

"ಮೇಲಿನ ಹೊಲ ನಮಗೇ ಇಡಿ ಅಮ್ಮಾಜಿ, ಬರ್ತಾ ಇದ್ದೀವಿ" ಅಂದಳು ಅಕ್ಕ.

ಬಿಸಿಲು ಬಂದದ್ದು ಎಂಟು ಹತ್ತಕ್ಕೆ. ಟೆಂಟುಗಳನ್ನು ಕಲ್ಲುಕಟ್ಟೆಯ ಮೇಲೆ ಹರಡಿ ಒಣಗಿಸಿ, ಗೂಟ ಎಣಿಸಿ ಚೀಲಕ್ಕೆ ಹಾಕಿ, ಔಟ್‌ಗೆ ಹೋಗುವ ಬಸ್ಸು ಹಿಡಿದೆವು.